ಯಾರ ಕಡೆಯ ರಕ್ತ

ಗುಬ್ಬಿಯ ಸುಮನಾ ತನ್ನ ಅತ್ತೆಯನ್ನು ಇಂದಿಗೂ ಅಜ್ಜಿ ಎಂದೇ ಕರೆಯುತ್ತಾಳೆ. ಅವಳ ಗಂಡ ರೇಣುಕಾಪ್ರಸಾದ್ ಅವಳ ತಾಯಿಯ ತಮ್ಮ. ಅತ್ತೆ ಶಕುಂತಲಮ್ಮ ಅವಳ ತಾಯಿಯ ತಾಯಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಮನೆಯವರು ವರ್ಷಗಟ್ಟಲೆ ಮರೆತವರಂತೆ ನಟಿಸಿದ್ದು ಇದನ್ನೇ.

ಮಗಳು ಇಂಪನಾಗೆ ಎಂಟು ತಿಂಗಳಿದ್ದಾಗ ಜ್ವರ ಬಂತು. ಯಾವ ಪರೀಕ್ಷೆಯಲ್ಲೂ ಸೋಂಕು ಸಿಗಲಿಲ್ಲ. ಕತ್ತು ನಿಂತಿದ್ದ ಮಗು ಮತ್ತೆ ಕತ್ತು ಚೆಲ್ಲಿತು. ಕೈಕಾಲು ಸೆಟೆದುಕೊಂಡವು. ಚಳಿಗಾಲ ಬಂದರೆ ಕಾಲ್ಬೆರಳು, ಕಿವಿಯ ಅಂಚು ನೇರಳೆಯಾಗಿ ಹುಣ್ಣಾಗುತ್ತಿದ್ದವು. ಮೂರು ವರ್ಷ ಅಲೆದ ಮೇಲೆ ಬೆಂಗಳೂರಿನ ಡಾಕ್ಟರೊಬ್ಬರು ಕಾರಣ ಹೇಳಿದರು. ಯಾವ ರೋಗಾಣುವೂ ಇಲ್ಲದೆಯೇ, ಶತ್ರು ಬಂದನೆಂದು ತಿಳಿದು ಮೈಯ ಕಾವಲು ಮಗುವಿನ ಮಿದುಳು, ಚರ್ಮವನ್ನೇ ಉರಿಸುತ್ತಿದೆ. ತಂದೆ ತಾಯಿ ಇಬ್ಬರಿಂದಲೂ ಒಂದೊಂದು ದೋಷವಿರುವ ಜೀನ್ ಬಂದಿದೆ. ಒಂದೇ ಇದ್ದವರು ಆರೋಗ್ಯವಾಗಿಯೇ ಇರುತ್ತಾರೆ.

ಪಕ್ಕದಲ್ಲೇ ಕೂತು ಕೇಳಿದ ರೇಣುಕಾಪ್ರಸಾದ್ ಮನೆಗೆ ಬಂದು ಬಾಯಿ ಬಿಡಲಿಲ್ಲ. ಶಕುಂತಲಮ್ಮ ಬಂದವರಿಗೆಲ್ಲ, ನಮ್ಮ ವಂಶದಲ್ಲಿ ಇಂಥದ್ದಿರಲಿಲ್ಲ, ಇದು ಇವಳ ಕಡೆಯ ರಕ್ತ ಎನ್ನುತ್ತಿದ್ದರು. ಇವಳ ಕಡೆ ಎಂದರೆ ಯಾವ ಕಡೆ? ಅವರೇ ಹೆತ್ತ ಮಗಳ ಕಡೆ. ಕೊನೆಗೆ ಎಲ್ಲಾ ಶಿವನಿಚ್ಛೆ ಎಂಬ ಮಾತು ಬೇರೆ. ನಾನೂ ದಿನಾ ವಿಭೂತಿ ಹಚ್ಚುವವಳೇ. ನಾವು ಕೂಡಿಸಿದ ಸಂಬಂಧವನ್ನು, ನಾವೇ ಮುಚ್ಚಿಟ್ಟ ಸತ್ಯವನ್ನು ಶಿವನ ತಲೆಗೆ ಕಟ್ಟುವುದು ಯಾವ ಭಕ್ತಿಯೋ ಕಾಣೆ.

ಕಳೆದ ವರ್ಷ ಕಿರಿಯ ಮಗ ಸೋಮಶೇಖರನಿಗೆ ಹೆಣ್ಣು ಹುಡುಕಿದರು. ಮಗುವಿನ ವಿಷಯ ತಿಳಿದವರು ಯಾರೂ ಹೆಣ್ಣು ಕೊಡಲಿಲ್ಲ. ಆಗ ಶಕುಂತಲಮ್ಮನಿಗೆ ಕುಣಿಗಲ್‌ನಲ್ಲಿದ್ದ ಸುಮನಾಳ ತಂಗಿ ಭೂಮಿಕಾ ನೆನಪಾದಳು. ಮನೆ ಹುಡುಗಿ, ಮಗುವನ್ನೂ ನೋಡಿಕೊಳ್ಳುತ್ತಾಳೆ ಎಂದರು. ಅಕ್ಕನ ರಕ್ತ ಕೆಟ್ಟದ್ದು, ತಂಗಿಯದು ಒಳ್ಳೆಯದು. ಸುಮನಾ ತವರಿಗೆ ಫೋನ್ ಮಾಡಿ, ಮೊದಲು ಇಬ್ಬರ ರಕ್ತ ಪರೀಕ್ಷೆಯಾಗಲಿ ಎಂದು ಬೇಡಿಕೊಂಡಳು. ತಾಯಿ ಅತ್ತರೇ ಹೊರತು ಹೆತ್ತವ್ವನಿಗೆ ಎದುರಾಡಲಿಲ್ಲ.

ನಿಶ್ಚಿತಾರ್ಥದ ದಿನ ಕುಣಿಗಲ್‌ನ ಮನೆ ತುಂಬಿತ್ತು. ಮಗುವನ್ನು ಒಳಕೋಣೆಯಲ್ಲೇ ಇಟ್ಟುಕೋ ಎಂದು ಸುಮನಾಗೆ ಅಪ್ಪಣೆಯಾಗಿತ್ತು. ತಾಂಬೂಲ ಬದಲಿಸುವ ಹೊತ್ತಿಗೆ ಅವಳು ಇಂಪನಾಳನ್ನು ಎತ್ತಿಕೊಂಡು ಹಜಾರಕ್ಕೆ ಬಂದಳು.

“ಅಜ್ಜಿ, ನಮ್ಮಮ್ಮನ್ನ ಹೆತ್ತೋಳು ನೀನು. ಮಾವನ್ನ ಹೆತ್ತೋಳೂ ನೀನೇ. ನನ್ ಕಡೆ ರಕ್ತ ಯಾವ್ದು, ಇವ್ರೆಲ್ರ ಮುಂದೆ ಹೇಳ್ಬುಡು.”

“ಒಳ್ಳೇ ಗಳಿಗೇಲಿ ಬಾಯಿ ಮುಚ್ಕೊಂಡಿರೇ,” ಎಂದರು ಶಕುಂತಲಮ್ಮ.

ಸುಮನಾ ಗಂಡನ ಕಡೆ ತಿರುಗಿದಳು. “ಮಾವ, ಡಾಕ್ಟ್ರು ಏನಂದ್ರು, ನೀವಾದ್ರೂ ಹೇಳಿ.”

ರೇಣುಕಾಪ್ರಸಾದ್ “ಇಬ್ರಿಂದಲೂ ಅಂದ್ರು,” ಎಂದ. ಎರಡೇ ಪದ. ಡಾಕ್ಟರು ಹೇಳಿದ ಮೇಲೆ ಅದಕ್ಕೆ ಇನ್ನೂ ಮೂರು ವರ್ಷ ಬೇಕಾಯಿತು.

ಭೂಮಿಕಾ ಎದ್ದು ನಿಂತಳು. “ನಾನು ನಾಳೇನೇ ರಕ್ತ ಕೊಡ್ತೀನಿ. ಚಿಕ್ಕಮಾವನೂ ಕೊಡ್ಲಿ.”

ಗಂಡಸರಿಗೆಂಥ ಪರೀಕ್ಷೆ ಎಂದು ಸೋಮಶೇಖರ ನಕ್ಕ. ಹಾಗಾದರೆ ನನಗೆ ಈ ಮದುವೆ ಬೇಡ ಎಂದು ಭೂಮಿಕಾ ಅಕ್ಕನ ಪಕ್ಕ ಹೋಗಿ ಕೂತಳು.

ಸಂಬಂಧ ಮುರಿದವಳು ಸುಮನಾ ಎಂದು ಈಗ ಎರಡೂ ಊರುಗಳಲ್ಲಿ ಮಾತು. ನಾನು ಕೆಲಸ ಮಾಡುವ ತುಮಕೂರಿನ ಫಿಸಿಯೋಥೆರಪಿ ಕೇಂದ್ರದಲ್ಲಿ ಮಗುವಿನ ಬಿಗಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಾ ಅವಳೇ ನನಗೆ ಇದನ್ನೆಲ್ಲ ಹೇಳಿದಳು.

“ಅನ್ಲಿ ಬಿಡಿ ಅಕ್ಕ,” ಎಂದಳು. “ನನ್ ಮದ್ವೇಲಿ ಹಿಂಗೆ ಕೇಳೋರು ಒಬ್ರೂ ಇರ್ಲಿಲ್ಲ.”