ಅಂದಾನಪ್ಪ ಬಟ್ಟೆ ಕದ್ದನಂತೆ

ಇಳಕಲ್ಲಿನ ಟೇಲರ್ ಅಂದಾನಪ್ಪನಿಗೆ ಇಪ್ಪತ್ತಾರು ವರ್ಷ ಬಾರದ ಅಪವಾದ 2020ರ ನಾಗರಪಂಚಮಿಗೆ ಎಂಟು ದಿನವಿರುವಾಗ ಬಂತು. ಅವನು ಬಟ್ಟೆ ಕದಿಯುತ್ತಾನಂತೆ.

ಹೆಂಗಸರ ಕುಬಸ ಹೊಲಿಯುವವನಿಗೆ ಇದಕ್ಕಿಂತ ಕೆಟ್ಟ ಮಾತಿಲ್ಲ. ಕುಬಸಕ್ಕೆಂದು ಕೊಟ್ಟ ಖಣದಲ್ಲಿ ಗೇಣು ಬಟ್ಟೆ ಉಳಿಸಿಕೊಂಡ ಟೇಲರನ ಸುದ್ದಿ ಬಸ್ಸಿಗಿಂತ ಮೊದಲು ಹುನಗುಂದ ಮುಟ್ಟುತ್ತದೆ. ಅಂದಾನಪ್ಪನೋ, ಉಳಿದ ಚಿಂದಿಯನ್ನೂ ಸುರುಳಿ ಸುತ್ತಿ ಕುಬಸದ ಜೊತೆ ಕಟ್ಟಿಕೊಡುವ ಪ್ರಾಣಿ.

ಲಾಕ್‌ಡೌನ್ ಮುಗಿದು ಅಂಗಡಿ ತೆರೆದ ಮೇಲೆ ಹೊಲಿದು ಕೊಟ್ಟದ್ದೆಲ್ಲ ತಿರುಗಿ ಬರತೊಡಗಿತು. ಮೊದಲು ಪಕ್ಕದ ಓಣಿಯ ಮಹೇಶ್ವರಿ ಬಂದಳು.

“ಏನ್ರಿ, ಇದನ್ನ ನನಗ ಹೊಲದೀರೋ, ನನ್ನ ಮಗಳ ಗೊಂಬಿಗೋ?”

ಅವಳ ಹಿಂದೆ ಶಹನಾಜ. “ಕೈ ತೂರಸೂದೇನೋ ತೂರಸಿದ್ನಿರಿ. ಹೊರಗ ತಗೀಲಿಕ್ಕೆ ಮೂರು ಮಂದಿ ಬೇಕಾತು.”

ಮೂರನೆಯವಳು ಮಷಿನ್ನಿನ ಕೆಳಗಿದ್ದ ಚಿಂದಿ ಬುಟ್ಟಿಯನ್ನೇ ನೋಡುತ್ತ ನಿಂತಳು. ಅದು ಹೆಚ್ಚು ಚುಚ್ಚಿತು.

ಅಂದಾನಪ್ಪನಿಗೂ ಅನುಮಾನ ಹೊಕ್ಕಿತು. ಮುಚ್ಚಿದ ಅಂಗಡಿಯ ಕಾವಿಗೆ ಟೇಪು ಕುಗ್ಗಿತೇ? ಕಬ್ಬಿಣದ ಪಟ್ಟಿಗೆ ಹಿಡಿದು ನೋಡಿದ, ಸರಿ ಇತ್ತು. ತನ್ನ ಕಣ್ಣೇ ಕೆಟ್ಟಿತೇ? ಎದುರಿನ ಟೇಲರ್ ಕಲ್ಲಪ್ಪ ಜೂನಿನಿಂದ ಸುಮ್ಮಸುಮ್ಮನೆ ನಗುತ್ತಿದ್ದಾನೆ, ಅವನೇ ಒಳಹೊಕ್ಕು ಏನಾದರೂ ಮಾಡಿದನೇ? ಅಂಗಡಿಗೆ ಹೊಸ ಬೀಗ ಬಂತು. ತನ್ನ ಅಂಗಿಯ ಹೊಟ್ಟೆಯ ಗುಂಡಿಯೂ ಮೂರು ಸಲ ಹಾರಿತ್ತು. ಅದಕ್ಕೆ ದಾರ ಮಾರಿದವನ ಮೇಲೆ ಸಂಶಯಪಟ್ಟ.

ಅವನ ಅಂಗಡಿಯಲ್ಲಿ ಹೆಂಗಸರ ಮೈಗೆ ಟೇಪು ಹಿಡಿಯುವ ಪದ್ಧತಿಯಿಲ್ಲ. ಹಳೆಯದೊಂದು ಕುಬಸವನ್ನು ಅಳತೆಗೆ ಕೊಡಬೇಕು, ಹಾಗೆಯೇ ಹೊಸದನ್ನು ಹೊಲಿಯಬೇಕು. ಅಷ್ಟೆ.

ಹೆಂಡತಿ ಶಿವಗಂಗಾಗೂ ಒಂದು ಹೊಲಿದ. ಅದೂ ತೋಳಲ್ಲೇ ನಿಂತಿತು.

“ನನ್ನ ಖಣದಾಗೂ ಕೈ ಹಾಕೀರಿ?”

“ಅಳತಿಗೆ ಕೊಟ್ಟಿದ್ದ ಹಳೇದನ್ನ ಹಾಕ್ಕೋ, ನೋಡೂಣು.”

ಯುಗಾದಿಯಿಂದ ನೈಟಿಯಲ್ಲೇ ಇದ್ದ ಶಿವಗಂಗಾ ಹಳೆಯದನ್ನು ಏರಿಸಿದಳು. ಅದೂ ಮೊಣಕೈ ದಾಟಲಿಲ್ಲ. ಅಂದಾನಪ್ಪ ಗೋಡೆಯ ಮಾಡದತ್ತ ನೋಡಿದ. ಅಮೀನಗಡದ ಕರದಂಟಿನ ಡಬ್ಬಿ ಖಾಲಿ, ಶೇಂಗಾದ ಡಬ್ಬಿ ಖಾಲಿ. ನಾಲ್ಕು ತಿಂಗಳು ದಿನಾ ಸಂಜೆ ಮಿರ್ಚಿ ಭಜಿ, ಗಿರಮಿಟ್ಟು, ಟೀವಿ, ನಿದ್ದೆ. ಎಲ್ಲವೂ ತಿಳಿಯಿತು. ತಿಳಿದದ್ದೇ ತಡ, ಹೆದರಿಕೆಯಾಯಿತು. ತಾನು ಕಳ್ಳನಲ್ಲವೆನ್ನಲು ನಲವತ್ತು ಹೆಂಗಸರಿಗೆ ನೀವು ದಪ್ಪಗಾಗಿದ್ದೀರಿ ಎನ್ನಬೇಕು. ಅಂದಮೇಲೆ ಅವನ ಕೈಗೆ ಖಣ ಕೊಡುವವರು ಯಾರು? ಮನೆಯಲ್ಲೇ ಮೊದಲು ಹೇಳಿ ನೋಡಿದ.

“ಅಲ್ಲ, ನೀ ಸ್ವಲ್ಪ…”

“ಸ್ವಲ್ಪ ಏನು?”

“ಸ್ವಲ್ಪ ಚಾ ಮಾಡು.”

ಮರುದಿನ ನಿವೃತ್ತ ಗಣಿತದ ಟೀಚರ್ ವಿಮಲಾಬಾಯಿ ಅಂಗಡಿಗೆ ಬಂದರು. ಒಂದು ಕೈಯಲ್ಲಿ ತಮ್ಮ ಹೊಸದು, ಹಳೆಯದು ಎರಡೂ ಕುಬಸ, ಇನ್ನೊಂದರಲ್ಲಿ ಶಾಲೆಯ ಮರದ ಪಟ್ಟಿ. ಮಹೇಶ್ವರಿ, ಶಹನಾಜ ಮೊದಲಾದ ನಾಲ್ವರು ಮಾಸ್ಕಿನ ಮೇಲೆ ಕಣ್ಣು ಅಗಲಿಸಿ ನಿಂತಿದ್ದರು. ವಿಮಲಾಬಾಯಿ ಎರಡನ್ನೂ ಮೇಜಿನ ಮೇಲೆ ಹಾಸಿ ತೋಳು, ಎದೆ, ಬೆನ್ನು ಅಳೆದರು.

“ಎರಡೂ ಸರಿಸಮ ಅವ,” ಎಂದರು, ನಾಪಾಸು ಮಾಡಬೇಕೆಂದುಕೊಂಡಿದ್ದ ಹುಡುಗನ ಲೆಕ್ಕ ಸರಿಬಂದ ದನಿಯಲ್ಲಿ. “ಹಂಗಾದ್ರ ತಪ್ಪು ಎಲ್ಲಿ ಅದ, ಅಂದಾನಪ್ಪ?”

ಐವರೂ ಅವನನ್ನೇ ನೋಡಿದರು. ಅಂದಾನಪ್ಪ ಹಳೆಯ ಕುಬಸವನ್ನು ಕೈಗೆತ್ತಿಕೊಂಡ.

“ತಪ್ಪು ಅಳತಿ ಕುಬಸದ್ದು ರೀ. ಕೊರೋನಾಕ್ಕ ಹೆದರಿ ಎಲ್ಲಾರೂ ಬಟ್ಟಿ ಬಿಸಿನೀರಾಗ ಕುದಿಸಿ ಕುದಿಸಿ ಒಗದೀರಿ. ನೂಲು ಮುದುರೇತಿ. ನಾ ಮುದುರಿದ್ದರ ಮ್ಯಾಲೆ ಹೊಲದೀನಿ.”

ಶಹನಾಜ, “ಖರೆ ಐತ್ರಿ. ನಾ ಔಷಧಾನೂ ಹಾಕಿದ್ನಿ,” ಎಂದಳು. “ನಾ ಎರಡು ಸಲ ಕುದಿಸೀನಿ,” ಎಂದಳು ಮಹೇಶ್ವರಿ.

ವಿಮಲಾಬಾಯಿ ಕನ್ನಡಕದ ಮೇಲಿಂದ ಅವನನ್ನು ಬಹಳ ಹೊತ್ತು ನೋಡಿದರು. ನಂತರ ಎದುರಿನ ಕಲ್ಲಪ್ಪನಿಗೂ ಕೇಳುವಂತೆ ತೀರ್ಪು ಕೊಟ್ಟರು: “ಅಂದಾನಪ್ಪ ಒಂದು ಎಳಿ ಮುಟ್ಟಿಲ್ಲ. ಇದು ಬಿಸಿನೀರಿನ ಕೆಲಸ.”

ಹೆಂಗಸರು ಸಮಾಧಾನದಿಂದ ಚದುರಿದರು. ವಿಮಲಾಬಾಯಿ ಮಾತ್ರ ನಿಂತು, ಚೀಲದಿಂದ ಹೊಸ ಖಣ ತೆಗೆದು, ದನಿ ತಗ್ಗಿಸಿದರು.

“ನನ್ನ ಕುಬಸ ಎಷ್ಟು ಮುದುರಿರಬಹುದೋ?”

“ಎರಡು ಇಂಚು ರೀ.”

“ಮೂರು ಇಡು.”

“ಮೂರು ಇಟ್ಟು, ಒಳಗ ಇನ್ನೊಂದು ಇಂಚು ಮಡಚಿರ್ತೇನಿ ರೀ,” ಎಂದ ಅಂದಾನಪ್ಪ ತಲೆಯೆತ್ತದೆ. “ಪಂಚಮಿ ಉಂಡಿ ತಿಂದು ಮುಗದಮ್ಯಾಲೂ ಒಗೀತೀರಲ್ಲ.”