ಹಾಕದೆ ಉಳಿದ ನೀಲಿ ಸೀಲು

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ವಿಶ್ವವಿದ್ಯಾಲಯದ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಒಂದೇ ಒಂದು ಟ್ಯೂಬ್‌ಲೈಟು ಉರಿಯುತ್ತಿದೆ. ಅದರಡಿ ಐವತ್ತು ದಾಟಿದ ಹೆಂಗಸೊಬ್ಬರು ದಪ್ಪ ಬೈಂಡಿನ ಸಂಪುಟವನ್ನು ಮೇಜಿನ ಮೇಲೆ ಬಿಡಿಸಿಟ್ಟು, ರಬ್ಬರ್ ಸೀಲನ್ನು ಕೆಂಪು ಪ್ಯಾಡಿಗೆ ತಟ್ಟಿ, ಉಸಿರು ಬಿಗಿಹಿಡಿದು ಹಾಳೆಯ ಮೇಲೆ ಒತ್ತುತ್ತಾರೆ. 'ಹಿಂಪಡೆಯಲಾಗಿದೆ.' ಒತ್ತಿದ ಕೂಡಲೇ ಟೇಬಲ್ ಫ್ಯಾನನ್ನು ಆ ಪುಟದತ್ತ ತಿರುಗಿಸುತ್ತಾರೆ. ಶಾಯಿ ಆರುವ ಮೊದಲೇ ಪುಸ್ತಕ ಮುಚ್ಚಿದರೆ ಎದುರು ಪುಟದ ಲೇಖನಕ್ಕೂ ಕೆಂಪು ಹತ್ತಿಬಿಡುತ್ತದೆ. "ಅದೇನು ಮಾಡಿತ್ತು ಪಾಪ? ಪಕ್ಕದಲ್ಲಿ ಕೂತಿದ್ದೇ ತಪ್ಪಾ?" ಎಂದು ನಗುತ್ತಾರೆ. ಓದುಗರು ಬರುವ ಹೊತ್ತಿಗೆ ಎಲ್ಲ ಆರಿ, ಸಂಪುಟ ತನ್ನ ಜಾಗಕ್ಕೆ ಸೇರಿರಬೇಕು.

ಎಲ್ಲರೂ ಇವರನ್ನು ಕರೆಯುವುದು ಸೀಲಕ್ಕ ಎಂದು. ಸಂಶೋಧನಾ ಪತ್ರಿಕೆಗಳಲ್ಲಿ ಅಚ್ಚಾದ ಲೇಖನವೊಂದು ಕದ್ದದ್ದೋ, ಕಟ್ಟುಕತೆಯೋ, ತಪ್ಪೋ ಎಂದು ಆಮೇಲೆ ತಿಳಿದರೆ ಪತ್ರಿಕೆಯವರು ಅದನ್ನು ಹಿಂಪಡೆಯುತ್ತಾರೆ. ಕಂಪ್ಯೂಟರಿನಲ್ಲಾದರೆ ಅದು ಕ್ಷಣದ ಕೆಲಸ. ಆದರೆ ಕಪಾಟಿನಲ್ಲಿ ಕೂತ ಪುಸ್ತಕಕ್ಕೆ ಯಾರು ಹೇಳಬೇಕು? ನಾಳೆ ಯಾವನೋ ವಿದ್ಯಾರ್ಥಿ ಅದನ್ನೇ ನಂಬಿ ಕೆಡದಿರಲಿ ಎಂದು ಒಬ್ಬರು ಮೆಟ್ಟಿಲಿಳಿದು ಬಂದು, ಹುಡುಕಿ, ಸೀಲು ಒತ್ತಬೇಕು. ವಾರಕ್ಕೆ ಒಂದೆರಡು ಬರುವುದುಂಟು, ಒಮ್ಮೊಮ್ಮೆ ಡಜನ್ನುಗಟ್ಟಲೆ.

ಇವತ್ತಿನ ಬೆಳಗು ಮಾತ್ರ ಬೇರೆ. ಹಳೆಯ ಸಂಪುಟಗಳನ್ನೆಲ್ಲ ಸ್ಕ್ಯಾನ್ ಮಾಡುವವರು ಇವರ ಕಪಾಟಿಗೆ ಬರುವುದು ಇವತ್ತು. ಸ್ಕ್ಯಾನ್ ಆದ ಪುಸ್ತಕಗಳು ಗೋದಾಮಿಗೆ ಹೋಗುತ್ತವೆ. ಆಮೇಲೆ ಜಗತ್ತು ನೋಡುವುದು ಸ್ಕ್ಯಾನಿನಲ್ಲಿ ಮೂಡಿದ್ದನ್ನೇ. ಸೀಲಕ್ಕನ ಚೀಲದಲ್ಲಿ, ಊಟದ ಡಬ್ಬಿಯ ಕೆಳಗೆ, ಇನ್ನೊಂದು ಸೀಲಿದೆ. ನೀಲಿ ಶಾಯಿಯದ್ದು. ಒಬ್ಬರ ಲೇಖನದ ಮೇಲೆ ಅದನ್ನು ಒತ್ತಬೇಕೆಂದು ಎಷ್ಟೋ ಕಾಲದಿಂದ ಕಾದಿದ್ದಾರೆ. ಒತ್ತುವುದಾದರೆ ಇವತ್ತೇ.

"ನಾನು ಓದಿದ್ದು ಹತ್ತನೇ ಕ್ಲಾಸು. ಒಳಗೆ ಏನು ಬರ್ದಿದಾರೆ ಅಂತ ನಂಗೆ ತಲೆಬುಡ ಗೊತ್ತಾಗಲ್ಲ. ಯಾಕೆ ವಾಪಸ್ ತಗೊಂಡ್ರು ಅಂತ ಮಾತ್ರ ಕೇಳ್ತೀನಿ," ಎನ್ನುತ್ತಾರೆ. ಕೇಳಿದ ಕತೆಗಳು ಒಂದೇ ಎರಡೇ! ಒಬ್ಬ ಮಹಾಶಯ ಹಳೆಯ ಚಿತ್ರವನ್ನೇ ತಲೆಕೆಳಗು ಮಾಡಿ ಹೊಸ ಪ್ರಯೋಗ ಎಂದಿದ್ದ. ಇನ್ನೊಬ್ಬ ಶಿಷ್ಯನ ಲೇಖನಕ್ಕೆ ತನ್ನ ಹೆಸರು ಹಾಕಿಕೊಂಡಿದ್ದ. ಮತ್ತೊಬ್ಬನಂತೂ ಬೇರೆ ಹೆಸರಿನಲ್ಲಿ ತನ್ನ ಲೇಖನವನ್ನು ತಾನೇ ಪರಿಶೀಲಿಸಿ, ಅದ್ಭುತ ಎಂದು ಷರಾ ಬರೆದು ಕಳಿಸಿದ್ದ. "ತಾನೇ ಪರೀಕ್ಷೆ ಬರ್ದು ತಾನೇ ಮಾರ್ಕ್ಸ್ ಹಾಕ್ಕೊಂಡ! ಅದೂ ನೂರಕ್ಕೆ ನೂರು! ಒಂದೆರಡು ಕಮ್ಮಿ ಹಾಕ್ಕೊಂಡಿದ್ರೆ ಸಿಕ್ಕಿಬೀಳ್ತಾನೇ ಇರ್ಲಿಲ್ಲ," ಎಂದು ಸೀಲಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ.

ಮನೆಯಲ್ಲಿ ಸ್ಕೂಲ್ ವ್ಯಾನ್ ಓಡಿಸುವ ಗಂಡ, ಮಾತಿನಲ್ಲಿ ಯಾರಿಗೂ ಸೋಲದ ಅತ್ತೆ. ಬೆರಳಿನ ಕೆಂಪು ಯಾವ ಸೋಪಿಗೂ ಹೋಗುವುದಿಲ್ಲ. "ಯಾರನ್ನ ಹೊಡೆದು ಬಂದ್ಯೇ ಇವತ್ತು?" ಎಂದು ಅತ್ತೆ ದಿನಾ ಸಂಜೆ ಬಾಗಿಲಲ್ಲೇ ಕೇಳುತ್ತಾರೆ. ಮೊದಲೆಲ್ಲ ಸೀಲಕ್ಕನೂ "ಒಬ್ಬ ಕಳ್ಳನ್ನ" ಎಂದು ಜೋರಾಗಿ ಹೇಳುತ್ತಿದ್ದರು. ಈಗ ಹೇಳುವುದಿಲ್ಲ.

ಅದಕ್ಕೆ ಕಾರಣವಿದೆ. ಸೀಲು ಲೇಖನದ ಮೊದಲ ಪುಟಕ್ಕಷ್ಟೇ ಹಾಕಬೇಕೆಂಬುದು ನಿಯಮ. ಆದರೆ ಒಮ್ಮೆ ಯಾರೋ ಪುಣ್ಯಾತ್ಮರು ಸೀಲು ಬಿದ್ದ ಆ ಒಂದು ಹಾಳೆಯನ್ನು ಬ್ಲೇಡಿನಿಂದ ಕತ್ತರಿಸಿಕೊಂಡು ಹೋದರು. ಉಳಿದ ಹಾಳೆಗಳು ಏನೂ ಅರಿಯದ ಮಕ್ಕಳ ಹಾಗೆ ಕೂತಿದ್ದವು. ಸೀಲಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ನನ್ನ ಕಣ್ಣಿಗೇ ಮಣ್ಣೆರಚುತ್ತೀರಾ ಎಂದು ಅಂದಿನಿಂದ ಪ್ರತಿ ಪುಟಕ್ಕೂ, ನಟ್ಟನಡುವೆ, ಮೈಭಾರ ಹಾಕಿ ಒತ್ತತೊಡಗಿದರು. ಯಾರೂ ಬೇಡ ಎನ್ನಲಿಲ್ಲ. ಗ್ರಂಥಪಾಲಕರು ಶಭಾಷ್ ಎಂದರು.

ಆ ಉತ್ಸಾಹದಲ್ಲಿರುವಾಗಲೇ ವಿಶ್ವವಿದ್ಯಾಲಯದ್ದೇ ಪತ್ರಿಕೆಯಲ್ಲಿ ಬಂದಿದ್ದ, ಬೀಜಗಳ ಬಗೆಗಿನ ಲೇಖನವೊಂದರ ಸರದಿ ಬಂತು. ಸೀಲಕ್ಕ ಎಂದಿನಂತೆ ಎಲ್ಲ ಪುಟಕ್ಕೂ ಒತ್ತಿದರು. ಕೆಂಪಿನಡಿ ಕೋಷ್ಟಕ ಕಾಣಲಿಲ್ಲ, ಚಿತ್ರ ಕಾಣಲಿಲ್ಲ. ಫ್ಯಾನು ತಿರುಗಿಸುತ್ತಾ, ಕಸ ಗುಡಿಸುತ್ತಿದ್ದವಳಿಗೆ ಕೂಗಿ ಹೇಳಿದರು: "ಇನ್ನೊಂದು ಕಳ್ಳಮಾಲು ಸಿಕ್ತು ನೋಡೇ!" ತಿರುಗಿದರೆ ಬೆನ್ನ ಹಿಂದೆ ಸಸ್ಯಶಾಸ್ತ್ರದ ಮೇಡಂ ನಿಂತಿದ್ದಾರೆ. ಅವರು ಪುಟಗಳನ್ನು ಒಂದೊಂದಾಗಿ ತಿರುವಿ ನೋಡಿದರು. "ಚೆನ್ನಾಗಿ ಮೂಡಿದೆ ಅಕ್ಕ," ಎಂದರು. ಹೊರಟುಹೋದರು.

ಲೇಖನ ಮೇಡಂ ಅವರದ್ದೇ. ಪ್ರಯೋಗಾಲಯದ ತಕ್ಕಡಿ ತಪ್ಪು ತೂಕ ತೋರಿಸುತ್ತಿತ್ತೆಂದು ಲೇಖನ ಅಚ್ಚಾದ ಮೇಲೆ ಅವರಿಗೆ ಗೊತ್ತಾಗಿತ್ತು. ಯಾರೂ ಕೇಳಿರಲಿಲ್ಲ, ಯಾರಿಗೂ ಅನುಮಾನವಿರಲಿಲ್ಲ. ಸುಮ್ಮನಿದ್ದಿದ್ದರೆ ಇವತ್ತು ವಿಭಾಗದ ಮುಖ್ಯಸ್ಥರಾಗಿರುತ್ತಿದ್ದರು. ತಾವೇ ಹೋಗಿ, ನನ್ನ ಅಂಕಿಗಳು ತಪ್ಪು, ದಯವಿಟ್ಟು ಹಿಂಪಡೆಯಿರಿ ಎಂದಿದ್ದರು. ಗ್ರಂಥಪಾಲಕರು ಇದನ್ನು ಸೀಲಕ್ಕನಿಗೆ ಹೇಳಿದ್ದು ಅಂದು ಮಧ್ಯಾಹ್ನ. "ನೆಲ ಬಾಯಿ ಬಿಟ್ಟಿದ್ರೆ ಹೋಗ್ಬಿಡ್ತಿದ್ದೆ. ಕಳ್ಳರಿಗೆ ಹೊಡೆಯೋ ಸೀಲು ಅವರಿಗೂ ಹೊಡೆದೆ. ಅವರಿಗೇ ಜಾಸ್ತಿ ಹೊಡೆದೆ."

ಅಷ್ಟರಲ್ಲಿ ಯಾರೋ ಆ ಕೆಂಪು ಪುಟಗಳ ಫೋಟೋ ಹಿಡಿದು ಊರೆಲ್ಲ ಹಂಚಿದ್ದರು. ತರಗತಿಯಲ್ಲಿ ಮುಸಿಮುಸಿ ನಗು ಶುರುವಾಯಿತು. ವರ್ಷ ತುಂಬುವುದರೊಳಗೆ ಮೇಡಂ ಕೆಲಸ ಬಿಟ್ಟರು. ಈಗ ಅವರು ಸೀಲಕ್ಕನ ಗಂಡ ವ್ಯಾನ್ ಓಡಿಸುವ ಶಾಲೆಯಲ್ಲೇ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಾರೆ. ಬೋರ್ಡಿನ ಮೇಲೆ ಬೇಕೆಂದೇ ಒಂದು ತಪ್ಪು ಬರೆದು, ಹಿಡಿದ ಮಗುವಿಗೆ ಚಪ್ಪಾಳೆ ತಟ್ಟಿಸುತ್ತಾರಂತೆ. ಗಂಡ ಇದನ್ನು ಹೇಳಿದ ದಿನ ಸೀಲಕ್ಕ ಊಟ ಮಾಡಲಿಲ್ಲ.

ನೀಲಿ ಸೀಲು ಮಾಡಿಸಿದ್ದು ಆಗಲೇ, ಬಸ್ ನಿಲ್ದಾಣದ ಪಕ್ಕದ ಅಂಗಡಿಯಲ್ಲಿ. 'ಲೇಖಕರೇ ತಪ್ಪು ತಿಳಿಸಿ ಹಿಂಪಡೆದದ್ದು' ಎಂದು ಅದರಲ್ಲಿದೆ. ಗ್ರಂಥಪಾಲಕರು ಕೆಟ್ಟವರಲ್ಲ. "ನೀವು ಹೇಳೋದು ಸರಿ ಅಕ್ಕ. ಆದ್ರೆ ಸೀಲು ಅಂದ್ರೆ ಪತ್ರಿಕೆಯ ಸಂಪಾದಕ ಮಂಡಳಿಯ ಮಾತು. ಅವರು ಒಪ್ಪಬೇಕಲ್ಲ," ಎಂದರು. ಮಂಡಳಿಯಲ್ಲಿ ವಿಷಯ ಬಂದಾಗಲೆಲ್ಲ ಮುಂದಿನ ಸಭೆಗೆ ಹೋಯಿತು. ತಪ್ಪು ತಪ್ಪೇ, ಅದಕ್ಕೆರಡು ಬಣ್ಣ ಯಾಕೆ ಎಂದು ಒಬ್ಬರು ಮೂಗು ಮುರಿದರಂತೆ. ಮುಂದಿನ ಸಭೆ ಬರುವ ತಿಂಗಳು. ಸ್ಕ್ಯಾನು ಇವತ್ತು.

"ಒತ್ತಿಬಿಡೇ, ಆ ಹೊತ್ತಲ್ಲಿ ಯಾರು ನೋಡ್ತಾರೆ!" ಎಂದು ಹೇಳಿ ಕಳಿಸಿದ್ದಾರೆ ಅತ್ತೆ. ನಿಜ, ನೆಲಮಾಳಿಗೆಯಲ್ಲಿ ಈಗ ಯಾರೂ ಇಲ್ಲ. ಸೀಲಕ್ಕ ಮೇಡಂ ಲೇಖನವಿರುವ ಸಂಪುಟ ಬಿಡಿಸುತ್ತಾರೆ. ಮೊದಲ ಪುಟದಲ್ಲಿ, ಹೆಸರಿನ ಪಕ್ಕ, ಕೆಂಪು ತಾಕದ ಒಂದಿಷ್ಟು ಜಾಗವಿದೆ. ನೀಲಿ ಪ್ಯಾಡಿನ ಮುಚ್ಚಳ ತೆಗೆಯುತ್ತಾರೆ. ಸೀಲು ಕೈಯಲ್ಲಿದೆ. ತಟ್ಟುತ್ತಾರೆ, ಎತ್ತುತ್ತಾರೆ. ಕೈ ಅಲ್ಲೇ ನಿಲ್ಲುತ್ತದೆ. ಎಷ್ಟೋ ಹೊತ್ತಿನ ಮೇಲೆ ಸೀಲನ್ನು ಬಟ್ಟೆಯಿಂದ ಒರೆಸಿ ಚೀಲಕ್ಕೆ ಹಾಕುತ್ತಾರೆ.

"ಆಗಲ್ಲ ನನ್ನ ಕೈಲಿ. ಮಂಡಳಿಯವರು ಹೇಳದೇ ಇರೋದನ್ನ ಹೇಳಿದಾರೆ ಅಂತ ನಾನು ಒತ್ತಿದ್ರೆ ಅದು ಸುಳ್ಳು ತಾನೇ? ಸುಳ್ಳು ಬೇಡ ಅಂತ ತಾನೇ ಅವರು ಎಲ್ಲಾ ಕಳ್ಕೊಂಡಿದ್ದು? ಅವರ ಹೆಸರಿನ ಪಕ್ಕಾನೇ ಸುಳ್ಳು ಹೊಡೀಲಾ?" ಕಣ್ಣುಗಳು ತುಂಬಿಕೊಳ್ಳುತ್ತವೆ. ಮರೆಮಾಚುವ ಗೋಜಿಗೆ ಅವರು ಹೋಗುವುದಿಲ್ಲ.

ಅಷ್ಟೊತ್ತಿಗೆ ಸ್ಕ್ಯಾನ್ ಮಾಡುವ ಹುಡುಗಿ ಬಂದು ಯಂತ್ರ ಹೊಂದಿಸುತ್ತಾಳೆ. ಹಾಳೆ ಹರಿಯದಿರಲೆಂದು ಸೀಲಕ್ಕನೇ ಪುಟ ತಿರುವುತ್ತಾರೆ. ಒಂದೊಂದು ಪುಟದ ಮೇಲೂ ಬಿಳಿ ಬೆಳಕು ಹರಿದುಹೋಗುತ್ತದೆ.

"ಅಯ್ಯಯ್ಯೋ, ಎಲ್ಲಾ ಪುಟಕ್ಕೂ ಇದೆಯಲ್ಲ! ಏನ್ ಕದ್ದಿದ್ರು ಇವರು?"

"ಕದ್ದಿಲ್ಲಮ್ಮ. ತಪ್ಪಾಗಿದೆ ಅಂತ ಅವರೇ ಬಂದು ಹೇಳಿದ್ದು."

"ಹೌದಾ? ಹಾಗಂತ ಎಲ್ಲೂ ಇಲ್ವಲ್ಲ," ಎಂದು ಹುಡುಗಿ ಮುಂದಿನ ಸಂಪುಟಕ್ಕೆ ಕೈ ಚಾಚುತ್ತಾಳೆ.

ನಿವೃತ್ತಿಗೆ ಇನ್ನೂ ಸ್ವಲ್ಪ ಕಾಲವಿದೆ. ಅಷ್ಟರಲ್ಲಿ ಏನಾಗಬೇಕು ಎಂದರೆ ಸೀಲಕ್ಕ ಕೆಂಪು ಬೆರಳುಗಳನ್ನು ಉಜ್ಜಿಕೊಳ್ಳುತ್ತಾ ಯೋಚಿಸುತ್ತಾರೆ. "ಆವತ್ತಿಂದ ಎಷ್ಟು ಒತ್ತಿದೀನೋ. ಎಲ್ಲಾ ಸಿಕ್ಕಿಬಿದ್ದವರೇ. ತಾವಾಗಿ ಬಂದವರು ಒಬ್ಬರೂ ಇಲ್ಲ. ಆ ಪುಟಗಳನ್ನ ನೋಡಿದ ಮೇಲೆ ಯಾರಿಗೆ ತಾನೇ ಧೈರ್ಯ ಬರುತ್ತೆ ಹೇಳಿ? ಮಂಡಳಿಯವರು ಹೂಂ ಅನ್ನಲಿ. ಆಮೇಲೆ ಒಬ್ಬರು, ಒಬ್ಬರೇ ಒಬ್ಬರು ಬರಲಿ. ನೀಲಿದು, ಮೊದಲನೇ ಪುಟಕ್ಕೆ ಮಾತ್ರ ಒತ್ತುತ್ತೀನಿ. ಮೆತ್ತಗೆ."