ಟ್ರ್ಯಾಕ್ಟರಿಗೆ ಹಚ್ಚಿದ ಕಾಡಿಗೆ

ಮುರಗೋಡದಲ್ಲಿ ನಮ್ಮ ಓಣಿಯ ಸಪ್ನಾ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಾಳೆ. ನಿಜಗುಣಪ್ಪನ ಟ್ರ್ಯಾಕ್ಟರಿನಲ್ಲಿ ಗೊಬ್ಬರ ತುಂಬುವ ಬಕೆಟ್ಟನ್ನು ಎತ್ತಿ ನಿಲ್ಲಿಸಿದರೆ ತಾನಾಗಿ ಕೆಳಗಿಳಿಯುತ್ತಿತ್ತು. ಡ್ರೈವರ್ ಕಾಂತೇಶನೇ ಇಳಿಸುವ ಹಿಡಿಕೆ ಮುಟ್ಟುತ್ತಾನೆಂದು ನಿಜಗುಣಪ್ಪ ಅವನನ್ನು ಕೆಲಸ ಬಿಡಿಸಲು ನಿಂತಿದ್ದ.

ಸಪ್ನಾ ಬಕೆಟ್ ಎತ್ತಿಸಿ, ಇಂಜಿನ್ ಬಂದ್ ಮಾಡಿಸಿ, ಎಲ್ಲರನ್ನೂ ದೂರ ಸರಿಸಿದಳು. ತನ್ನ ಕಣ್ಣಿನ ಕಾಡಿಗೆಯನ್ನು ಬೆರಳಿಗೆ ತೆಗೆದುಕೊಂಡು, ಪಕ್ಕದಿಂದ ಕೈಚಾಚಿ, ಬಕೆಟ್ ಎತ್ತುವ ಎರಡು ಸಿಲಿಂಡರುಗಳಲ್ಲಿ ಒಂದರಿಂದ ಹೊರಬಂದ ಹೊಳೆಯುವ ರಾಡಿಗೆ ಗೆರೆ ಎಳೆದಳು.

"ಇದಕ್ಕೂ ದೃಷ್ಟಿ ಆಗೇತೇನವಾ?" ಎಂದು ನಿಜಗುಣಪ್ಪ ನಕ್ಕ.

"ಸುಮ್ನ ನೋಡ್ರಿ ಕಾಕಾ."

ಸೀಟಿನಲ್ಲಿ ಯಾರೂ ಇರಲಿಲ್ಲ. ನಾವು ನೋಡುತ್ತಿದ್ದಂತೆ ಗೆರೆ ಮೆಲ್ಲಗೆ ಸಿಲಿಂಡರಿನೊಳಗೆ ಹೋಗಿಯೇ ಬಿಟ್ಟಿತು!

ಆಮೇಲೆ ಬಕೆಟ್ಟನ್ನು ಪೂರಾ ಎತ್ತಿಸಿ, ಗಟ್ಟಿ ಆಸರೆ ಕೊಟ್ಟು, ಎರಡೂ ಸಿಲಿಂಡರಿನ ಮೇಲಿನ ಪೈಪು ಬಿಚ್ಚಿದಳು. ಇಂಜಿನ್ ಶುರು ಮಾಡಿ ಎತ್ತುವ ಹಿಡಿಕೆ ಒತ್ತಿದಾಗ ಎಡಗಡೆಯ ಬಿಚ್ಚಿದ ಬಾಯಿಂದ ಒಂದು ಹನಿಯೂ ಬರಲಿಲ್ಲ. ಬಲಗಡೆಯದರಿಂದ ಎಣ್ಣೆ ದಾರದಂತೆ ಸುರಿಯತೊಡಗಿತು!

"ಇದರ ಒಳಗಿನ ಸೀಲ್ ಹರದೈತ್ರಿ ಕಾಕಾ. ಕೆಳಗಿನ ಎಣ್ಣಿ ಮ್ಯಾಲ ನುಸುಳಿ ಬಕೆಟ್ ತಾನ ಇಳೀತೈತಿ. ಕಾಂತೇಶಣ್ಣಂದೇನೂ ತಪ್ಪಿಲ್ಲ."

ನಿಜಗುಣಪ್ಪ ತನ್ನ ಬೈಕಿನ ಕೀಲಿಯನ್ನು ಕಾಂತೇಶನ ಕೈಗಿಟ್ಟ. "ಯರಗಟ್ಟಿಗೆ ಹೋಗಿ ಸೀಲ್ ತಗೊಂಡ ಬಾರಪಾ. ನಾಳೆ ಮುಂಜಾನೆ ಗೊಬ್ಬರ ನೀನ ಹೇರಬೇಕು."